ಪದಕದ ಅಂಚು

ಪುಣೆ ಕ್ಯಾಂಪಿನ ಹಳೆಯ ಮನೆಗಳ ಪೆಟ್ಟಿಗೆಯಲ್ಲಿ ಸಿಗುವ ವಸ್ತುಗಳ ಪೈಕಿ ಮೊದಲ ಮಹಾಯುದ್ಧದ ಪದಕ ಇತಿಹಾಸದ ಪಾಠಕ್ಕೆ ಹೇಳಿಮಾಡಿಸಿದಂತಿದೆ. ತಾತನ ಕಾಲದ ತಂಬಿಗೆ ತಾನು ಯಾರದೆಂದು ಹೇಳುವುದಿಲ್ಲ, ಪದಕ ಹೇಳುತ್ತದೆ.

ಕ್ಯಾಂಪ್ ಬೆಳೆದದ್ದೇ ದಂಡಿನ ಬೀಡಾಗಿ, 1817ರ ಖಡಕಿ ಕಾಳಗದ ನಂತರ. 1914ರಲ್ಲಿ 6ನೆಯ ಪೂನಾ ಡಿವಿಷನ್ ಮೆಸೊಪೊಟೇಮಿಯಕ್ಕೆ ಹೋಗಿ ನವೆಂಬರಿನಲ್ಲಿ ಬಸ್ರಾ ಹಿಡಿಯಿತು. 1915ರ ಡಿಸೆಂಬರ್ 7ರಂದು ಕೂಟ್ ಪಟ್ಟಣದಲ್ಲಿ ಮುತ್ತಿಗೆಗೆ ಸಿಕ್ಕಿತು. 1916ರ ಏಪ್ರಿಲ್ 29ರಂದು ಸುಮಾರು 13,000 ಜನ ಶರಣಾದರು. ಅವರಲ್ಲಿ 103, 110, 117ನೆಯ ಮರಾಠಾ ಪಲ್ಟನ್‌ಗಳೂ ಇದ್ದವು. ಮರಾಠಾ ರೆಜಿಮೆಂಟಿನ ಕೇಂದ್ರವಿರುವ ಬೆಳಗಾವಿಯ ಕಡೆಯ ಮನೆಗಳಲ್ಲೂ ಇಂಥ ಪದಕ ಸಿಕ್ಕೀತು.

‘ನಮ್ಮ ಮುತ್ತಾತ ಕೂಟ್‌ನಲ್ಲಿ ಸೆರೆಸಿಕ್ಕ ಸಿಪಾಯಿ’ ಎಂಬ ಮನೆಮಾತನ್ನು ವಿದ್ಯಾರ್ಥಿ ಕಥೆಯೆಂದಲ್ಲ, ಪ್ರಾಕ್ಕಲ್ಪನೆಯೆಂದು ಬರೆದುಕೊಳ್ಳಬೇಕು. ಅದು ನಿಜವಾದರೆ ಇನ್ನೇನು ಕಾಣಬೇಕು ಎಂಬುದು ಮುಂದಿನ ಪ್ರಶ್ನೆ. ಮುತ್ತಿಗೆ 1915ರಲ್ಲೇ ಆರಂಭವಾದ್ದರಿಂದ ಆ ಸಿಪಾಯಿಗೆ 1914–15ರ ನಕ್ಷತ್ರ ಪದಕ ಸಲ್ಲಬೇಕು. ಅದು 1915ರ ಡಿಸೆಂಬರ್ 31ರೊಳಗೆ ರಣರಂಗ ಮುಟ್ಟಿದವರಿಗೆ ಮಾತ್ರ ಸಿಕ್ಕಿದ್ದು. ನಕ್ಷತ್ರದ ಹಿಂಬದಿಯಲ್ಲಿ, ದುಂಡು ಪದಕಗಳಾದರೆ ಅಂಚಿನ ಮೇಲೆ, ನಂಬರು, ಹುದ್ದೆ, ಹೆಸರು, ಪಲ್ಟನ್ನು ಒತ್ತಿರುತ್ತದೆ. ಭೂತಗನ್ನಡಿ ಹಿಡಿದು ಅಂಚನ್ನು ನಿಧಾನ ತಿರುಗಿಸಿದರೆ ಓದಬಹುದು. ಬ್ರಿಟಿಷ್ ಯುದ್ಧ ಪದಕದ ಲೋಹವನ್ನೂ ನೋಡಬೇಕು: ಸಿಪಾಯಿಗೆ ಬೆಳ್ಳಿಯದು, ಪಡೆಯ ಜೊತೆ ಹೋದ ಕೂಲಿಯಾಳುಗಳಿಗೆ ಕಂಚಿನದು. ಕಂಚು ಕಂಡರೆ ಮನೆಮಾತಿನ ‘ಸಿಪಾಯಿ’ ಕದಲುತ್ತಾನೆ. ಮನೆಯವರಿಗೆ ಇದು ಕಹಿ, ಆದರೆ ಕೂಲಿಯಾಳಿನ ಯುದ್ಧವೂ ಯುದ್ಧವೇ.

ನಕ್ಷತ್ರ ಸಿಗದಿದ್ದರೆ? ಊಹೆ ಸುಳ್ಳಾಯಿತೆಂದು ತೀರ್ಮಾನಿಸುವುದು ಆತುರ. ಅದು ಕಳೆದುಹೋಗಿರಬಹುದು, ಕಷ್ಟಕ್ಕೆ ಮಾರಿರಬಹುದು. ಇಲ್ಲದ ವಸ್ತು ದುರ್ಬಲ ಸಾಕ್ಷಿ. ಅಂಚಿನಲ್ಲಿ ಬೇರೆಯವರ ಹೆಸರಿರುವುದು ಗಟ್ಟಿ ಸಾಕ್ಷಿ. ಈ ವ್ಯತ್ಯಾಸ ಮಕ್ಕಳಿಗೆ ದಕ್ಕಿದರೆ ಅರ್ಧ ಪಾಠ ಮುಗಿದಂತೆ. ಹೆಸರು ಸರಿಯಿದ್ದರೂ ಅದು ಸಾಬೀತುಪಡಿಸುವುದು ಪದಕ ಯಾರಿಗೆ ಸಂದಿತೆಂಬುದನ್ನು ಮಾತ್ರ. ಆತ ಸೆರೆಸಿಕ್ಕನೆಂಬುದಕ್ಕೆ ಪತ್ರ, ಪಿಂಚಣಿ ಕಾಗದ, ಪಲ್ಟನ್ನಿನ ದಾಖಲೆ ಬೇಕು.

ಮನೆಯ ದಫ್ತರವನ್ನು ಸಾಕ್ಷಿಯಾಗಿ ನೋಡುವ ರೂಢಿ ಪುಣೆಗೆ ಹೊಸತಲ್ಲ. ಇತಿಹಾಸಕಾರ ವಿ. ಕಾ. ರಾಜವಾಡೆ ಮನೆಮನೆ ಅಲೆದು ಹಳೆಯ ಕಾಗದ ಕೂಡಿಸಿದರು. 1910ರಲ್ಲಿ ಇಲ್ಲಿಯೇ ಭಾರತ ಇತಿಹಾಸ ಸಂಶೋಧಕ ಮಂಡಳ ಕಟ್ಟಿದರು.

ಪದಕವನ್ನು ಶಾಲೆಗೆ ಕಳಿಸುವ ಮುನ್ನ ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಬಾರದು. ಅಂಚಿನ ಅಕ್ಷರ ಸವೆಯುವುದು ಹಾಗೆಯೇ.