ಕೆಂಪು ಬಾವುಟದಿಂದ ಮೂವತ್ತು ಮೈಲಿಗೆ

ಬ್ರಿಟನ್ನಿನ 1865ರ ಕಾಯಿದೆಯಂತೆ ಯಂತ್ರದ ಬಂಡಿ ಊರೊಳಗೆ ಗಂಟೆಗೆ 2 ಮೈಲಿ, ಊರಾಚೆ 4 ಮೈಲಿ ಮೀರುವಂತಿರಲಿಲ್ಲ; ಮುಂದೆ ಕೆಂಪು ಬಾವುಟ ಹಿಡಿದವನೊಬ್ಬ ನಡೆಯಬೇಕಿತ್ತು.

1896ರ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಆವರಣದಲ್ಲಿ ಪ್ರದರ್ಶನಕ್ಕೆಂದು ಓಡುತ್ತಿದ್ದ ಮೋಟಾರು ಬ್ರಿಜೆಟ್ ಡ್ರಿಸ್ಕಾಲ್ ಎಂಬ ಗೃಹಿಣಿಗೆ ಬಡಿಯಿತು. ಹದಿಹರೆಯದ ಮಗಳ ಕಣ್ಣೆದುರೇ ಆಕೆಯ ಪ್ರಾಣ ಹೋಯಿತು. ವಿಚಾರಣೆಯಲ್ಲಿ ವೇಗದ ಬಗ್ಗೆ ಸಾಕ್ಷಿಗಳ ಮಾತು ಒಂದಕ್ಕೊಂದು ಹೊಂದಲಿಲ್ಲ. ಇಂಥ ವಾಹನವನ್ನೇ ಕಂಡಿರದ ಕಣ್ಣುಗಳಿಗೆ ಅಳತೆಯಾದರೂ ಎಲ್ಲಿತ್ತು? ಆಕಸ್ಮಿಕ ಸಾವೆಂದು ತೀರ್ಮಾನವಾಯಿತು.

ಅದೇ ವರ್ಷ ಮಿತಿ 14 ಮೈಲಿಗೇರಿತು, 1903ರಲ್ಲಿ 20ಕ್ಕೆ. 1930ರಲ್ಲಿ ಕಾರುಗಳಿಗೆ ಮಿತಿಯನ್ನೇ ತೆಗೆದರು; ಅದು ದುಡುಕಿನ ನಿರ್ಧಾರ. 1934ರಲ್ಲಿ ರಸ್ತೆಗಳಲ್ಲಿ 7,000ಕ್ಕೂ ಹೆಚ್ಚು ಜನ ಸತ್ತರು. 1935ರ ಮಾರ್ಚಿನಿಂದ ಜನವಸತಿಯ ರಸ್ತೆಗಳಲ್ಲಿ 30 ಮೈಲಿಯ ಮಿತಿ ಜಾರಿಗೆ ಬಂತು.