ಮಾವನ ಲಾರಿ ಮತ್ತು ಮೂವತ್ತು ವರ್ಷದ ಹೊಗೆ

2017ರ ಮಾರ್ಚ್ 29. ನಾನಾಗ ಇನ್ನೂ ನ್ಯೂಸ್ ಡೆಸ್ಕ್‌ನಲ್ಲಿದ್ದೆ. ದೆಹಲಿಯಿಂದ ಬ್ರೇಕಿಂಗ್ ಬಂತು: ಏಪ್ರಿಲ್ 1ರಿಂದ ಬಿಎಸ್-3 ವಾಹನ ಮಾರುವಂತಿಲ್ಲ, ಸುಪ್ರೀಂ ಕೋರ್ಟ್ ಆದೇಶ. ಮುಂದಿನ ಎರಡು ದಿನ ನಾವು ತೋರಿಸಿದ್ದೇನು ಗೊತ್ತಾ? ಶೋರೂಂ ಮುಂದಿನ ಕ್ಯೂ. ಸ್ಕೂಟರ್, ಬೈಕ್ ಮೇಲೆ ಸಾವಿರಾರು ರೂಪಾಯಿ ಡಿಸ್ಕೌಂಟ್. ಮಾರಾಟವಾಗದೆ ಉಳಿದ 8.24 ಲಕ್ಷ ವಾಹನಗಳಲ್ಲಿ 96 ಸಾವಿರಕ್ಕೂ ಹೆಚ್ಚು ಲಾರಿಯಂಥ ವಾಣಿಜ್ಯ ವಾಹನಗಳು ಅನ್ನೋ ಸಾಲು ಮಾತ್ರ ಪರದೆಯ ಕೆಳಗೆ ಓಡಿಹೋಯಿತು.

ಅವತ್ತು ರಾತ್ರಿ ದಾವಣಗೆರೆಯಿಂದ ಸೋದರಮಾವನ ಫೋನು. ಒಂದೇ ಲಾರಿಯಲ್ಲಿ ಸಂಸಾರ ತೂಗಿಸಿದವರು. "ಏನಪ್ಪಾ, ಹೊಸದು ತಗೊಂಡಿದೀನಲ್ಲ, ಅದು ಬಿಎಸ್-3 ಅಂತೆ. ಚಾಸಿ ಬಂದಿದೆ, ಬಾಡಿ ಕಟ್ಟೋಕೆ ಬಿಟ್ಟಿದೀನಿ. ಈಗ ಅದು ಲಾರಿನೋ ಗುಜರಿನೋ?"

ಲಾರಿ ಅಂದರೆ ಕಾರಲ್ಲ. ಚಾಸಿ ಕೊಂಡು, ಬಾಡಿ ಕಟ್ಟಿಸಿ, ಆಮೇಲೆ ನೋಂದಣಿ. ಅಷ್ಟರಲ್ಲಿ ಫೈನಾನ್ಸ್ ಕಂತು ಶುರುವಾಗಿರುತ್ತೆ. ಇಂಜಿನಿಯರಿಂಗ್ ಓದಿದವನು ಅಂತ ಮಾವ ನನ್ನನ್ನು ಕೇಳಿದರು. ನನಗೆ ಎಂಜಿನ್ ಗೊತ್ತಿತ್ತು, ಆದೇಶ ಗೊತ್ತಿರಲಿಲ್ಲ. ಮಾರ್ಚ್ 31ರೊಳಗೆ ಮಾರಾಟವಾದದ್ದಕ್ಕೆ ದಾಖಲೆ ಇದ್ದರೆ ನೋಂದಣಿ ಆಗುತ್ತೆ ಅಂತ ಓದಿ ಹೇಳುವಷ್ಟರಲ್ಲಿ ಮಧ್ಯರಾತ್ರಿ. ಬಿಲ್ ಫೆಬ್ರವರಿಯದು. ಮಾವ ಬಚಾವಾದರು.

ಆದರೆ ಒಂದು ಪ್ರಶ್ನೆ ಉಳೀತು. ಈ ಹೊಗೆ ಯಾರದು?

ಕಥೆ ಶುರುವಾಗೋದು 1985ರಲ್ಲಿ. ವಕೀಲ ಎಂ.ಸಿ. ಮೆಹ್ತಾ ದೆಹಲಿಯ ಗಾಳಿಯ ವಿಷಯ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. ನಮ್ಮಲ್ಲಿ ಹೊಸ ಡೀಸೆಲ್ ವಾಹನಕ್ಕೆ ಮೊದಲ ಮಿತಿ ಬಂದದ್ದು 1992ರಲ್ಲಿ. ಯುರೋ-1ಕ್ಕೆ ಸಮನಾದ ನಿಯಮ ಬಂದದ್ದು 2000ದಲ್ಲಿ. ಮಧ್ಯೆ, 1998ರ ಜುಲೈನಲ್ಲಿ, ದೆಹಲಿಯ ಬಸ್ಸುಗಳೆಲ್ಲ ಸಿಎನ್‌ಜಿಗೆ ಬದಲಾಗಬೇಕು ಅಂತ ಕೋರ್ಟ್ ಹೇಳಿತು. ಗ್ಯಾಸ್ ಬಂಕ್ ಮುಂದೆ ಉದ್ದುದ್ದ ಸಾಲು. 2002ರಲ್ಲಿ ಉಳಿದ ಡೀಸೆಲ್ ಬಸ್ಸಿಗೆ ದಿನಕ್ಕೆ 500 ರೂಪಾಯಿ ದಂಡ, ತಿಂಗಳ ನಂತರ 1,000.

ಈಗ ಸ್ವಲ್ಪ ಎಂಜಿನ್ ಪಾಠ, ಬೇಜಾರಾಗಬೇಡಿ. ಹೊಗೆ ಹುಟ್ಟೋದು ಎಂಜಿನ್ನಲ್ಲಿ ಮಾತ್ರ ಅಲ್ಲ, ಡೀಸೆಲ್ಲಿನಲ್ಲೂ ಇದೆ. ಅದರಲ್ಲಿರೋ ಗಂಧಕ ಜಾಸ್ತಿಯಾದರೆ ಸೈಲೆನ್ಸರ್ ಹತ್ತಿರ ಕೂರಿಸೋ ಶುದ್ಧಿ ಉಪಕರಣ ಕೆಟ್ಟುಹೋಗುತ್ತೆ. ಬಿಎಸ್-3 ಡೀಸೆಲ್ಲಿನಲ್ಲಿ ಹತ್ತು ಲಕ್ಷ ಭಾಗಕ್ಕೆ 350 ಭಾಗ ಗಂಧಕ. ಬಿಎಸ್-4ರಲ್ಲಿ 50. ಬಿಎಸ್-6ರಲ್ಲಿ 10. ಅಂದರೆ ಒಳ್ಳೇ ಲಾರಿ ಓಡಬೇಕಾದರೆ ಮೊದಲು ಒಳ್ಳೇ ಡೀಸೆಲ್ ಬೇಕು.

ಡೀಸೆಲ್ ಏನಾಯ್ತು? ಮಾಶೇಲ್ಕರ್ ಸಮಿತಿ ವರದಿ ಆಧರಿಸಿ 2003ರಲ್ಲಿ ಇಂಧನ ನೀತಿ ಬಂತು. ದೊಡ್ಡ ನಗರಗಳಿಗೆ ಮೊದಲು, ಉಳಿದ ದೇಶಕ್ಕೆ ಆಮೇಲೆ. 2010ರಲ್ಲಿ ಬೆಂಗಳೂರು ಸೇರಿ 13 ನಗರಗಳಿಗೆ ಬಿಎಸ್-4, ಬಾಕಿ ದೇಶಕ್ಕೆ ಬಿಎಸ್-3. ಒಂದು ದೇಶ, ಎರಡು ಡೀಸೆಲ್! ಬೆಂಗಳೂರಲ್ಲಿ ಟ್ಯಾಂಕ್ ತುಂಬಿಸಿದರೆ 50, ಊರು ದಾಟಿ ಹೆದ್ದಾರಿ ಬಂಕಿನಲ್ಲಿ ತುಂಬಿಸಿದರೆ 350. ನ್ಯಾಷನಲ್ ಪರ್ಮಿಟ್ ಲಾರಿ ಯಾವ ಎಂಜಿನ್ ಇಟ್ಟುಕೊಳ್ಳಬೇಕು ಸ್ವಾಮಿ? ಬಿಎಸ್-3ನ್ನೇ. ಕಂಪನಿಗಳು ಅದನ್ನೇ ಮಾಡಿದವು, ಮಾವನಂಥವರು ಅದನ್ನೇ ಕೊಂಡರು. ಆ ಏಳು ವರ್ಷ ಸುಮ್ಮನೆ ಕಳೆದದ್ದು ಸಂಸ್ಕರಣಾಗಾರಗಳಿಗೆ ಸಮಯ ಕೊಡೋಕೆ. ಕೊಟ್ಟದ್ದು ಸರ್ಕಾರ. ಮಾವನ ಹತ್ತಿರ ಯಾರೂ ಕೇಳಿರಲಿಲ್ಲ.

ಹಾಗಂತ ಹೊಗೆ ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತೆ ಅಂತ ಖಚಿತವಾಗಿ ಹೇಳಿದೆ. ಆ ಹೊಗೆಯನ್ನು ಎಲ್ಲರಿಗಿಂತ ಮೊದಲು ಕುಡಿಯೋದು ಡ್ರೈವರ್, ಕ್ಲೀನರ್. ನಿಯಮ ಬೇಡ ಅನ್ನೋ ಲಾರಿ ಸಂಘದವರ ಜೊತೆ ನಾನು ಸ್ಟುಡಿಯೋದಲ್ಲೇ ಜಗಳ ಆಡಿದ್ದೇನೆ.

ನನ್ನ ತಕರಾರು ವೇಗದ ಬಗ್ಗೆ. ಯುರೋಪಿನಲ್ಲಿ ಭಾರಿ ವಾಹನಗಳು ಯುರೋ-4ರಿಂದ ಯುರೋ-6ಕ್ಕೆ ಹೋಗೋಕೆ 2005ರಿಂದ 2013ರವರೆಗೆ, ನಡುವೆ ಯುರೋ-5 ಇಟ್ಟುಕೊಂಡು ಹೋದವು. ನಾವು 2017ರಲ್ಲಿ ದೇಶಕ್ಕೆಲ್ಲ ಬಿಎಸ್-4 ತಂದೆವು, ಬಿಎಸ್-5 ಬಿಟ್ಟು 2020ರ ಏಪ್ರಿಲ್‌ನಲ್ಲಿ ಬಿಎಸ್-6ಕ್ಕೆ ಜಿಗಿದೆವು. ಅದೂ ಲಾಕ್‌ಡೌನ್ ನಡುವೆ. ನೈಟ್ರೋಜನ್ ಆಕ್ಸೈಡ್ ಮಿತಿ 3.5 ಗ್ರಾಂನಿಂದ 0.4 ಗ್ರಾಂಗೆ ಇಳೀತು. ಇಂಜಿನಿಯರ್ ಆಗಿ ನನಗೆ ಹೆಮ್ಮೆ. ಲಾರಿ ಬೆಲೆ ಮಾತ್ರ ಲಕ್ಷಗಳಲ್ಲಿ ಏರಿತು.

ಮಾವನ ಗೆಳೆಯರೊಬ್ಬರು 2021ರಲ್ಲಿ ಬಿಎಸ್-6 ತಗೊಂಡರು. ಡೀಸೆಲ್ ಜೊತೆ ಈಗ ಇನ್ನೊಂದು ಟ್ಯಾಂಕು, ಅದರಲ್ಲಿ ಯೂರಿಯಾ ನೀರು. ಶೇ. 32.5 ಯೂರಿಯಾ, ಬಾಕಿ ಶುದ್ಧ ನೀರು. ಅದು ಮುಗಿದರೆ ಅಥವಾ ಕಲಬೆರಕೆಯಾದರೆ ಎಂಜಿನ್ ತಾನಾಗೇ ಶಕ್ತಿ ಕಡಿಮೆ ಮಾಡಿಕೊಳ್ಳುತ್ತೆ. ಹಿರಿಯೂರು ಹತ್ತಿರ ಒಂದು ರಾತ್ರಿ ಹಾಗೇ ಆಯ್ತು. ಟೊಮ್ಯಾಟೊ ಲೋಡು. ಹಳೇ ಮೇಸ್ತ್ರಿ ಬಂದರು. ಸದ್ದು ಕೇಳಿಯೇ ನಾಝಲ್ ರೋಗ ಹೇಳೋ ಮನುಷ್ಯ ಅವರು. ಬಾನೆಟ್ ಎತ್ತಿ ನೋಡಿ, "ಇದಕ್ಕೆ ಲ್ಯಾಪ್‌ಟಾಪ್ ಬೇಕು ಸಾರ್" ಅಂದರು. ಲ್ಯಾಪ್‌ಟಾಪ್ ಬರೋದು ಮಧ್ಯಾಹ್ನ ಆಯ್ತು. ಟೊಮ್ಯಾಟೊ ಅಷ್ಟು ಹೊತ್ತು ಕಾಯಲಿಲ್ಲ. ಬಾಡಿಗೆ ಕಟ್ಟು, ಕಂತು ಮಾತ್ರ ಅದೇ ತಾರೀಕಿಗೆ.

ನೂರು ಲಾರಿ ಇರೋ ಕಂಪನಿಗೆ ಒಂದು ನಿಂತರೆ ತೊಂಬತ್ತೊಂಬತ್ತು ಓಡುತ್ತೆ. ನಮ್ಮ ದೇಶದಲ್ಲಿ ಹೆಚ್ಚಿನ ಲಾರಿ ಇರೋದು ಒಂದೋ ಎರಡೋ ಇಟ್ಟುಕೊಂಡವರ ಕೈಯಲ್ಲಿ. ಬಾಡಿಗೆ ನಿಗದಿ ಮಾಡೋದು ಅವರಲ್ಲ, ಟ್ರಾನ್ಸ್‌ಪೋರ್ಟ್ ಆಫೀಸು. 2015ರ ನವೆಂಬರ್‌ನಿಂದ ದೆಹಲಿ ಪ್ರವೇಶಕ್ಕೆ ಪರಿಸರ ಶುಲ್ಕ ಬಂತು, ಲಾರಿಗೆ 700ರಿಂದ 1,300 ರೂಪಾಯಿ, ಡಿಸೆಂಬರ್‌ನಲ್ಲಿ ದುಪ್ಪಟ್ಟು. ದೆಹಲಿ ಟ್ರಿಪ್ ಹೊಡೆಯೋ ಒಂಟಿ ಮಾಲೀಕ ಅದನ್ನು ಯಾರಿಂದ ವಸೂಲಿ ಮಾಡಬೇಕು? 2021ರ ಅಕ್ಟೋಬರ್‌ನ ಕೇಂದ್ರ ಅಧಿಸೂಚನೆ ಹದಿನೈದು ವರ್ಷ ದಾಟಿದ ಲಾರಿಯ ಎಫ್‌ಸಿ ಶುಲ್ಕವನ್ನು 12,500 ರೂಪಾಯಿಗೆ ಏರಿಸಿತು. ದೆಹಲಿಯಲ್ಲಿ ಹತ್ತು ವರ್ಷ ಮುಗಿದ ಡೀಸೆಲ್ ಗಾಡಿಗಳು ಎನ್‌ಒಸಿ ಪಡೆದು ಬೇರೆ ರಾಜ್ಯಗಳಿಗೆ ಹೋದವು. ಹೊಗೆ ಊರು ಬದಲಾಯಿಸಿತು, ಅಷ್ಟೇ.

ಮಾವನ ಬಿಎಸ್-3 ಇನ್ನೂ ಓಡ್ತಿದೆ. ಕಂತು ಮುಗಿದಿದೆ. 2032ಕ್ಕೆ ಅದಕ್ಕೂ ಹದಿನೈದು. ಮೊನ್ನೆ ಹಬ್ಬಕ್ಕೆ ಹೋದಾಗ ಊಟದ ಎಲೆ ಮುಂದೆ ಕೇಳಿದರು: "ಬಿಎಸ್-7 ಬರುತ್ತಂತಲ್ಲೋ, ನಿಜಾನಾ?" ಚರ್ಚೆ ನಡೀತಿದೆ ಮಾವ ಅಂದೆ. "ಬರಲಿ ಬಿಡು. ತಾರೀಕು ಗೊತ್ತಾದ ದಿನ ನಿನ್ನ ಟಿವಿಯಲ್ಲಿ ಆಮೇಲೆ ಹೇಳು, ನನಗೆ ಮೊದಲು ಫೋನ್ ಮಾಡು. ಚಾಸಿಗೆ ಅಡ್ವಾನ್ಸ್ ಕೊಡೋದು ನಾನು" ಅಂದು ಸಾರು ಬಡಿಸಿಕೊಂಡರು.