ರಬಾಳೆಯ ಬಸುರಿ, ಕಲಬುರಗಿಯ ಬಾಣಂತಿ

ಎರಡು ಊರಿನ ಹೆರಿಗೆ

ಠಾಣೆಯಿಂದ ಹೊರಟ ಟ್ರಾನ್ಸ್-ಹಾರ್ಬರ್ ಲೋಕಲ್ ಐರೋಲಿ ದಾಟಿದ ಮೇಲೆ ನಿಲ್ಲುವ ಊರು ರಬಾಳೆ. ಒಂದು ಬದಿಗೆ ಎಂಐಡಿಸಿ ಕೈಗಾರಿಕಾ ವಲಯದ ಕಾರ್ಖಾನೆಗಳು, ಅವುಗಳ ಬೆನ್ನಿಗೆ ಪಾರ್ಸಿಕ್ ಗುಡ್ಡ. ಇನ್ನೊಂದು ಬದಿಗೆ ಆಗ್ರಿ, ಕೋಳಿ ಜನರ ಹಳೆಯ ಹಳ್ಳಿಗಳು, ಅವುಗಳ ಸುತ್ತ ಎದ್ದ ಚಾಳುಗಳು. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಗೌಂಡಿ ಕೆಲಸಕ್ಕೆ, ಕಾರ್ಖಾನೆ ಕೂಲಿಗೆ ಬಂದ ಕನ್ನಡದ ಮತ್ತು ಲಂಬಾಣಿ ಕುಟುಂಬಗಳು ನವಿ ಮುಂಬಯಿಯ ಈ ಪಟ್ಟಿಯಲ್ಲಿ ಸಾಕಷ್ಟಿವೆ. ಇಂಥ ಮನೆಯ ಹೆಣ್ಣುಮಗಳು ಬಸುರಾಗುವುದು ಒಂದು ರಾಜ್ಯದಲ್ಲಿ, ಹಡೆಯುವುದು ಇನ್ನೊಂದರಲ್ಲಿ. ಚೊಚ್ಚಲು ಹೆರಿಗೆ ತವರಿನದು. ಕುಬಸ ಮಾಡಿ ಕರಕೊಂಡು ಹೋಗುವುದು ವಾಡಿಕೆ. ಹಾಗಾಗಿ ಮೊದಲ ಏಳು ತಿಂಗಳು ಹೊಟ್ಟೆ ಮುಟ್ಟಿ ನೋಡಿದ ನರ್ಸ್ ಒಬ್ಬರು, ಕೂಸು ಹಿಡಿದುಕೊಳ್ಳುವವರು ಮತ್ತೊಬ್ಬರು.

ಮನೆಯಲ್ಲಿ ಹೆರಬೇಕೋ ಆಸ್ಪತ್ರೆಯಲ್ಲೋ ಎಂಬ ಚರ್ಚೆ ಮಹಾನಗರಗಳ ಮಧ್ಯಮ ವರ್ಗದಲ್ಲಿ ಜೋರಾಗಿದೆ. ರಬಾಳೆಯ ಚಾಳಿನಲ್ಲಿ ಪ್ರಶ್ನೆ ಬೇರೆ: ಬ್ಯಾನಿ ಶುರುವಾದಾಗ ಪಕ್ಕದಲ್ಲಿ ಯಾರಿರುತ್ತಾರೆ, ಅವರಿಗೆ ಈಕೆಯ ಬಸುರಿನ ವಿಷಯ ಎಷ್ಟು ಗೊತ್ತು, ಈಕೆ ಆಡುವ ಮಾತು ಅವರಿಗೆ ತಿಳಿಯುತ್ತದೆಯೇ? ಹೆರಿಗೆಯಲ್ಲಿ ಆಯ್ಕೆ ಎಂಬುದಕ್ಕೆ ಅರ್ಥ ಬರುವುದು ಇದಕ್ಕೆ ಉತ್ತರ ಸಿಕ್ಕ ಮೇಲೆ.

ಸೂಲಗಿತ್ತಿಯ ಕಾಲ

ಎರಡು ತಲೆಮಾರಿನ ಹಿಂದೆ ಉತ್ತರ ಸುಲಭವಿತ್ತು. ಊರಿಗೊಬ್ಬ ಸೂಲಗಿತ್ತಿ, ಮಹಾರಾಷ್ಟ್ರದ ಹಳ್ಳಿಯಾದರೆ ಸುಯಿಣ. ಕರ್ನಾಟಕದಲ್ಲಿ ಈ ಕಸುಬಿಗೆ ದೇಶವೇ ಗುರುತಿಸಿದ ಮುಖ ಸೂಲಗಿತ್ತಿ ನರಸಮ್ಮನವರದು. ಪಾವಗಡ ತಾಲ್ಲೂಕಿನ ಕೃಷ್ಣಾಪುರದವರು, ಹುಟ್ಟಿದ್ದು 1920ರಲ್ಲಿ. ಅಜ್ಜಿ ಮರಿಗೆಮ್ಮನಿಂದ ಕಲಿತದ್ದು ಬಿಟ್ಟರೆ ಬೇರೆ ಶಾಲೆಯಿಲ್ಲ. ಎಪ್ಪತ್ತು ವರ್ಷದಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಹೇಳಲಾಗುತ್ತದೆ, ಅದೂ ಕಾಸು ಕೇಳದೆ. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ತಲೆ ಎಲ್ಲಿದೆ ಎಂದು ಹೇಳುವ ಅವರ ಹದ ಎಲ್ಲರಿಗೂ ಗೊತ್ತಿತ್ತು.

ಸೂಲಗಿತ್ತಿ ಬಸುರಿಯನ್ನು ಮಲಗಿಸಿ ಬಿಡುತ್ತಿರಲಿಲ್ಲ. ತಿರುಗಾಡಿಸುತ್ತಿದ್ದಳು, ಕುಕ್ಕರಗಾಲಲ್ಲಿ ಕೂರಿಸುತ್ತಿದ್ದಳು, ಸೊಂಟಕ್ಕೆ ಎಣ್ಣೆ ತಿಕ್ಕುತ್ತಿದ್ದಳು, ಕಂಬವನ್ನೋ ತೊಲೆಗೆ ಕಟ್ಟಿದ ಹಗ್ಗವನ್ನೋ ಹಿಡಿಸುತ್ತಿದ್ದಳು. ಹೆರಿಗೆಯಾದ ಮೇಲೂ ಬಂದು ತಾಯಿಗೂ ಕೂಸಿಗೂ ನೀರು ಹಾಕಿ ಹೋಗುವಳು. ಇದರಲ್ಲಿ ಬಹಳಷ್ಟನ್ನು ಇಂದಿನ ವೈದ್ಯಶಾಸ್ತ್ರ ಹೊಸ ಮಾತಿನಲ್ಲಿ ಮತ್ತೆ ಹೇಳುತ್ತಿದೆ. ಆದರೆ ಆ ಕಾಲವನ್ನು ಹಾಡಿ ಹೊಗಳುವವರು ಇನ್ನೊಂದು ಮುಖವನ್ನೂ ನೋಡಬೇಕು. ಕುಡುಗೋಲಿನಲ್ಲಿ ಕೊಯ್ದ ಹೊಕ್ಕುಳಬಳ್ಳಿ, ಅದಕ್ಕೆ ಮೆತ್ತಿದ ಬೂದಿ, ಅದರಿಂದ ಬಂದ ಧನುರ್ವಾಯು. ಮಾಸು ಬೀಳದೆ ರಕ್ತ ಹರಿದರೆ, ಕೂಸು ಅಡ್ಡ ನಿಂತರೆ, ತಾಯಿಗೆ ಫಿಟ್ಸ್ ಬಂದರೆ ಎಂಥ ನುರಿತ ಕೈಯೂ ಸೋಲುತ್ತಿತ್ತು. ಆಮೇಲೆ ಅರೆಬರೆ ಕಲಿತ ವೈದ್ಯರು ಮನೆಗೇ ಬಂದು ಬ್ಯಾನಿ ಏರಲೆಂದು ಆಕ್ಸಿಟೋಸಿನ್ ಚುಚ್ಚುವ ರೂಢಿ ಬಂತು. ಕೊಪ್ಪಳ ಜಿಲ್ಲೆಯ ತಾಯಂದಿರ ಸಾವುಗಳನ್ನು ಬೆನ್ನುಹತ್ತಿದ ಸಂಶೋಧಕರು ಇದನ್ನು ಕಂಡು ಬರೆದಿದ್ದಾರೆ. ಗರ್ಭಕೋಶವೇ ಹರಿಯಬಹುದಾದ ಕೆಲಸ ಅದು.

ಬೆಳಗಾವಿಯ ಮಾತ್ರೆ ಮತ್ತು ಪ್ಲಾಸ್ಟಿಕ್ ಹಾಳೆ

ಹೆರಿಗೆಯಲ್ಲಿ ತಾಯಿಯನ್ನು ಕೊಲ್ಲುವ ಕಾರಣಗಳಲ್ಲಿ ಮೊದಲನೆಯದು ಹೆತ್ತ ಮೇಲಿನ ರಕ್ತಸ್ರಾವ. ಆ ಬಗ್ಗೆ ಜಗತ್ತು ಬೆಳಗಾವಿಯಿಂದ ಕಲಿತಿದೆ ಎಂಬುದು ಕನ್ನಡದವರಿಗೇ ಅಷ್ಟಾಗಿ ಗೊತ್ತಿಲ್ಲ.

2002ರಿಂದ 2005ರವರೆಗೆ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆಗೂಡಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಸಿದರು. ಪಾಲ್ಗೊಂಡ ಹೆಂಗಸರು 1,620. ಹೆರಿಗೆ ಮಾಡಿಸಿದವರು ಡಾಕ್ಟರಲ್ಲ, ಹಳ್ಳಿಯ ಎಎನ್ಎಂ ಸಿಸ್ಟರ್‌ಗಳು. ಕೂಸು ಹುಟ್ಟಿದ ಕೂಡಲೆ ಅರ್ಧದಷ್ಟು ತಾಯಂದಿರಿಗೆ ಬಾಯಿಂದ ನುಂಗುವ 600 ಮೈಕ್ರೊಗ್ರಾಂ ಮಿಸೊಪ್ರೊಸ್ಟಾಲ್, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ. ರಕ್ತ ಎಷ್ಟು ಹೋಯಿತೆಂದು ಕಣ್ಣಂದಾಜಿನಲ್ಲಿ ಹೇಳಿದರೆ ಯಾವಾಗಲೂ ಕಡಿಮೆಯೇ ಹೇಳುತ್ತೇವೆ. ಅದಕ್ಕೆಂದು ತಾಯಿಯ ಕೆಳಗೆ ಹಾಸುವ, ತುದಿಯಲ್ಲಿ ಆಲಿಕೆಯಂಥ ಚೀಲವಿದ್ದು ಅದರ ಮೇಲೆ ಅಳತೆಯ ಗೆರೆಗಳಿದ್ದ ಪ್ಲಾಸ್ಟಿಕ್ ಹಾಳೆಯನ್ನು ಬಳಸಿದರು. 500 ಮಿಲಿಲೀಟರಿನ ಗೆರೆ ಮುಟ್ಟಿತೆಂದರೆ ಎಚ್ಚರಿಕೆ. ಮಾತ್ರೆ ನುಂಗಿದವರಲ್ಲಿ ಆ ಗೆರೆ ಮುಟ್ಟಿದವರು ನೂರಕ್ಕೆ 6.4, ನುಂಗದವರಲ್ಲಿ 12. ಲೀಟರು ದಾಟುವ ತೀವ್ರ ಸ್ರಾವ 1.2ರಿಂದ 0.2ಕ್ಕೆ ಇಳಿದಿತ್ತು. 2006ರಲ್ಲಿ ಇದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕೆಂದೇ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆಫ್ರಿಕಾದ ನಾಲ್ಕು ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಮೇಲೆ ನಡೆದು 2023ರಲ್ಲಿ ಸುದ್ದಿಯಾದ ಇ-ಮೋಟಿವ್ ಅಧ್ಯಯನದಲ್ಲೂ ಇಂಥದೇ ಗೆರೆ ಹಾಕಿದ ಹಾಳೆಯಿತ್ತು.

ಫ್ರಿಜ್ ಬೇಡದ ಒಂದು ಮಾತ್ರೆ, ಒಂದು ಹಾಳೆ, ತರಬೇತಾದ ಒಬ್ಬ ಸಿಸ್ಟರ್. ಹೆರಿಗೆಯ ಸುರಕ್ಷತೆಯೆಂದರೆ ದೊಡ್ಡ ಆಸ್ಪತ್ರೆ, ದೊಡ್ಡ ಬಿಲ್ಲು ಎಂದೇ ನಂಬಿರುವವರು ಈ ಪ್ರಯೋಗವನ್ನು ಓದಬೇಕು.

ಮಿಡ್‌ವೈಫ್ ಯಾರು?

ಸೂಲಗಿತ್ತಿಯಂತೆ ಜೊತೆಗಿರುವವಳು, ತೊಡಕನ್ನು ಮೊದಲೇ ಗುರುತಿಸಿ ಡಾಕ್ಟರನ್ನು ಕರೆಯುವಷ್ಟು ಶಾಸ್ತ್ರ ಬಲ್ಲವಳು. ಯುರೋಪಿನ ಹಲವು ದೇಶಗಳಲ್ಲಿ ತೊಂದರೆಯಿಲ್ಲದ ಹೆರಿಗೆಗಳನ್ನು ಮಾಡಿಸುವವರು ಇವರೇ. ಡಾಕ್ಟರ್ ಬರುವುದು ಅಡಚಣೆಯಾದರೆ ಮಾತ್ರ. ಇಲ್ಲಿ ನರ್ಸಿಂಗ್ ಮುಗಿಸಿದವರ ನೋಂದಣಿಯಲ್ಲಿ ಮಿಡ್‌ವೈಫ್ ಎಂಬ ಪದವೂ ಇರುತ್ತದೆ. ಆದರೆ ಲೇಬರ್ ವಾರ್ಡಿನಲ್ಲಿ ಒಬ್ಬರೇ ಹಲವು ಮಂಚ ನೋಡಬೇಕಾದ ಸಿಸ್ಟರ್‌ಗೆ ಒಬ್ಬಳ ಪಕ್ಕ ಕೂರುವ ಪುರುಸೊತ್ತೆಲ್ಲಿ?

ಕಲಬುರಗಿಯಿಂದ ಒಂದು ರಾತ್ರಿ ಪ್ರಯಾಣವೂ ಇಲ್ಲದ ತೆಲಂಗಾಣದಲ್ಲಿ ಬದಲಾವಣೆ ಮೊದಲು ಕಾಣಿಸಿತು. ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆಯ ಡಾ. ಎವಿಟಾ ಫರ್ನಾಂಡಿಸ್ ವರ್ಷಗಳಿಂದ ಮಿಡ್‌ವೈಫ್‌ಗಳ ಪರ ವಾದಿಸುತ್ತ ಬಂದವರು. ರಾಜ್ಯ ಸರ್ಕಾರ 2017ರಲ್ಲಿ ಅವರ ಆಸ್ಪತ್ರೆ ಮತ್ತು ಯುನಿಸೆಫ್ ಜೊತೆ ಸೇರಿ ಸರ್ಕಾರಿ ನರ್ಸ್‌ಗಳಿಗೆ ತರಬೇತಿ ಆರಂಭಿಸಿತು. 2018ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಿತು: ನರ್ಸ್ ಆದವರಿಗೆ ಹೆಚ್ಚುವರಿಯಾಗಿ 18 ತಿಂಗಳ ತರಬೇತಿ, ಹೆರಿಗೆ ಹೆಚ್ಚಿರುವ ಸರ್ಕಾರಿ ಆಸ್ಪತ್ರೆಗಳಲ್ಲಿ ಮಿಡ್‌ವೈಫ್‌ಗಳೇ ನಡೆಸುವ ಪ್ರತ್ಯೇಕ ಘಟಕ. ಕಾಗದದ ಮೇಲೆ ಚೆನ್ನಾಗಿದೆ. ನಡಿಗೆ ನಿಧಾನ.

ನಾರ್ಮಲ್, ಸೀಜರ್

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ದೇಶದಲ್ಲಿ ನೂರಕ್ಕೆ 21.5 ಹೆರಿಗೆ ಸಿಸೇರಿಯನ್. ಮಹಾರಾಷ್ಟ್ರದಲ್ಲಿ 25.4, ಕರ್ನಾಟಕದಲ್ಲಿ 31.5. ಕಣ್ಣು ಕುಕ್ಕುವ ಅಂಕಿ ಬೇರೆಯದು: ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ 14.3 ಇದ್ದದ್ದು ಖಾಸಗಿಯಲ್ಲಿ 47.4. ಬಾಗಿಲು ಬದಲಾದ ಮಾತ್ರಕ್ಕೆ ಹೆಂಗಸರ ಸೊಂಟದ ಎಲುಬು ಬದಲಾಗುವುದಿಲ್ಲ. ಸಿಸೇರಿಯನ್ ಪ್ರಮಾಣ ನೂರಕ್ಕೆ ಹತ್ತು ದಾಟಿದ ಮೇಲೆ ತಾಯಿ-ಶಿಶು ಮರಣ ಅದರಿಂದ ಇನ್ನಷ್ಟು ತಗ್ಗಿದ್ದು ಕಂಡಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಹಾಗೆಂದು ಆಪರೇಷನ್ ಎಂದೊಡನೆ ಮೋಸ ಎನ್ನುವುದೂ ತಪ್ಪು. ಕೂಸಿನ ಎದೆಬಡಿತ ಇಳಿಯುತ್ತಿದ್ದರೆ, ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಬಂದಿದ್ದರೆ ಅದೇ ಜೀವ ಉಳಿಸುವುದು.

ಗೊತ್ತಿರಬೇಕಾದ ಇನ್ನೂ ಕೆಲವು ಸಂಗತಿಗಳಿವೆ. ಗರ್ಭಕೋಶದ ಬಾಯಿ ಗಂಟೆಗೊಂದು ಸೆಂಟಿಮೀಟರಿನಂತೆ ತೆರೆಯಲೇಬೇಕೆಂಬ ಹಳೆಯ ನಿಯಮವನ್ನು ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸು ಕೈಬಿಟ್ಟಿದೆ. ಬಿರುಸಿನ ಹಂತವನ್ನು ಐದು ಸೆಂಟಿಮೀಟರಿನಿಂದ ಎಣಿಸುತ್ತಾರೆ, ಅದಕ್ಕೂ ಮೊದಲಿನ ನಿಧಾನ ರೋಗವಲ್ಲ. ಎಲ್ಲರಿಗೂ ಕೆಳಗೆ ಕತ್ತರಿಸಿ ಹೊಲಿಗೆ ಹಾಕುವ ಪದ್ಧತಿಯೂ ಬೇಡವೆಂದು ಅದೇ ಶಿಫಾರಸು ಹೇಳುತ್ತದೆ. ಒಮ್ಮೆ ಸೀಜರ್ ಆದವರಿಗೆ ಮುಂದಿನದೂ ಸೀಜರೇ ಎಂಬುದು ಪೂರ್ತಿ ನಿಜವಲ್ಲ. ಹಳೆಯ ಗಾಯ ಅಡ್ಡಲಾಗಿದ್ದು, ಬೇರೆ ತೊಡಕಿಲ್ಲದಿದ್ದರೆ ಪ್ರಯತ್ನಿಸಿದವರಲ್ಲಿ ಹೆಚ್ಚಿನವರಿಗೆ ನಾರ್ಮಲ್ ಆಗುತ್ತದೆ. ಆದರೆ ಸುಮಾರು 200ರಲ್ಲಿ ಒಬ್ಬರಿಗೆ ಗಾಯ ಬಿಚ್ಚುವ ಅಪಾಯ ಇರುವುದರಿಂದ ತಕ್ಷಣ ಆಪರೇಷನ್ ಮಾಡಬಲ್ಲ ಆಸ್ಪತ್ರೆಯೇ ಆಗಬೇಕು, ಮನೆಯಲ್ಲ.

ಜೊತೆಗಾರ್ತಿ ಮತ್ತು ಸಹಿ

ಹೆರಿಗೆ ಕೋಣೆಯಲ್ಲಿ ಬಸುರಿಯ ಜೊತೆ ಆಕೆಗೆ ಬೇಕಾದ ಒಬ್ಬ ಹೆಂಗಸು ಇರಬಹುದೆಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಸೂಚಿಸಿದೆ. 2017ರ ಡಿಸೆಂಬರಿನಲ್ಲಿ ಶುರುವಾದ ಲಕ್ಷ್ಯ ಯೋಜನೆ ಇದನ್ನೂ, ಬೇಕಾದ ಭಂಗಿಯಲ್ಲಿ ಹೆರುವ ಅವಕಾಶವನ್ನೂ ಒಳ್ಳೆಯ ಲೇಬರ್ ರೂಮಿನ ಲಕ್ಷಣವೆಂದು ಎಣಿಸುತ್ತದೆ. ಇದು ಬರೀ ಧೈರ್ಯದ ಮಾತಲ್ಲ: 15,000ಕ್ಕೂ ಹೆಚ್ಚು ಹೆಂಗಸರ ಮೇಲಿನ 26 ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ಕೊಕ್ರೇನ್ ಪರಿಶೀಲನೆಯಲ್ಲಿ, ಬಿಡದೆ ಜೊತೆಗಿದ್ದವರಿದ್ದಾಗ ಬ್ಯಾನಿಯ ಹೊತ್ತು ಕಡಿಮೆಯಾಗಿ ಸಿಸೇರಿಯನ್ನೂ ತಗ್ಗಿತ್ತು. ಮರಾಠಿ ಬಾರದ ಸೊಸೆಗೆ ಈ ಜೊತೆಗಾರ್ತಿ ದುಭಾಷಿಯೂ ಹೌದು. "ಮುಕ್ಕಬ್ಯಾಡ, ಉಸಿರು ಬಿಡವ್ವ" ಎಂದು ತನ್ನ ಮಾತಿನಲ್ಲಿ ಹೇಳುವವರಿಲ್ಲದೆ ಸಿಸ್ಟರ್ ಗದರಿದ್ದೇ ಕೇಳಿಸಿದರೆ, ಆಕೆ ತಪ್ಪು ಹೊತ್ತಿನಲ್ಲಿ ಮುಕ್ಕಿ ಸುಸ್ತಾಗುತ್ತಾಳೆ.

ಆಪರೇಷನ್‌ಗೆ ಒಪ್ಪಿಗೆ ಕೊಡಬೇಕಾದವಳು ಆಕೆಯೇ. ಸಮೀರಾ ಕೊಹ್ಲಿ ಪ್ರಕರಣದಲ್ಲಿ (2008) ಸುಪ್ರೀಂ ಕೋರ್ಟ್, ವಯಸ್ಕ ರೋಗಿಯ ಬದಲಿಗೆ ತಾಯಿ ಕೊಟ್ಟ ಒಪ್ಪಿಗೆ ಸಲ್ಲದೆಂದೂ, ಜೀವಕ್ಕೆ ಅಪಾಯವಿಲ್ಲದಾಗ ಒಪ್ಪಿದ್ದಕ್ಕಿಂತ ಹೆಚ್ಚಿನ ಶಸ್ತ್ರಕ್ರಿಯೆ ಮಾಡುವಂತಿಲ್ಲವೆಂದೂ ಹೇಳಿತು. ವಾರ್ಡುಗಳಲ್ಲಿ ಮಾತ್ರ ಇಂದಿಗೂ ಕಾಗದ ಮೊದಲು ಗಂಡನ ಕೈಗೆ ಹೋಗುತ್ತದೆ.

ರಬಾಳೆಯಲ್ಲೇ ಹೆರುವುದಾದರೆ

ನವಿ ಮುಂಬಯಿ ಪಾಲಿಕೆಯ ರಬಾಳೆ ನಾಗರಿ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿದರೆ ತಾಯಿ-ಮಗುವಿನ ಕಾರ್ಡು ಸಿಗುತ್ತದೆ. ಪಾಲಿಕೆಯ ಆಸ್ಪತ್ರೆಗಳಲ್ಲಿ ಹತ್ತಿರದ್ದು ಐರೋಲಿಯ ರಾಜಮಾತಾ ಜಿಜಾವು, ದೊಡ್ಡದು ವಾಶಿಯದು. ದಿಘಾ ಕಡೆಯವರಿಗೆ ಠಾಣೆ ಪಾಲಿಕೆಯ ಕಳವಾ ಆಸ್ಪತ್ರೆಯೂ ದೂರವಲ್ಲ. ಪ್ರತಿ ತಿಂಗಳ 9ನೇ ತಾರೀಖು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ, ಮನೆಗೆ ಬಿಡುವ ವಾಹನ ಎಲ್ಲವೂ ಉಚಿತ.

ಎಂಐಡಿಸಿಯಲ್ಲಿ ಇಎಸ್ಐ ಕಟ್ಟುತ್ತಿರುವ ಹೆಂಗಸರಿಗೆ 26 ವಾರಗಳ ಹೆರಿಗೆ ಭತ್ಯೆ ಇದೆ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನದ ವಂತಿಗೆ ಕಟ್ಟಿರಬೇಕು. ಗುತ್ತಿಗೆದಾರ ಹೆಸರನ್ನೇ ಸೇರಿಸಿರದಿದ್ದರೆ ಇದೆಲ್ಲ ಗಾಳಿಮಾತು, ಆದ್ದರಿಂದ ಬಸುರಾಗುವ ಮೊದಲೇ ಇಎಸ್ಐ ನಂಬರ್ ಕೇಳಿ ಇಟ್ಟುಕೊಳ್ಳುವುದು ಜಾಣತನ. ಮಹಾರಾಷ್ಟ್ರದ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಾಯಿಸಿದ ಗೌಂಡಿ ಕುಟುಂಬಗಳಿಗೆ ಎರಡು ಹೆರಿಗೆವರೆಗೆ ಧನಸಹಾಯವಿದೆ: ಸಹಜ ಹೆರಿಗೆಗೆ 15,000, ಸಿಸೇರಿಯನ್ನಿಗೆ 20,000 ರೂಪಾಯಿ.

ತವರಿಗೆ ಹೊರಡುವುದಾದರೆ

ಕಾರ್ಡು ಮರಾಠಿಯಲ್ಲಿದೆ ಎಂದು ಇಲ್ಲೇ ಬಿಟ್ಟು ಹೋಗುವವರಿದ್ದಾರೆ. ಬಿಡಬಾರದು. ಮುಟ್ಟಿನ ಕೊನೆಯ ತಾರೀಖು, ರಕ್ತದ ಗುಂಪು, ಹಿಮೋಗ್ಲೋಬಿನ್, ಬಿಪಿ, ಸ್ಕ್ಯಾನಿಂಗ್ ವರದಿ ಇಷ್ಟನ್ನು ಯಾವ ರಾಜ್ಯದ ಸಿಸ್ಟರ್ ಆದರೂ ಓದಿಕೊಳ್ಳುತ್ತಾರೆ. ಎಲ್ಲ ಪುಟಗಳ ಫೋಟೊ ಗಂಡನ ಫೋನಿನಲ್ಲೂ ಇರಲಿ. ಊರು ಮುಟ್ಟಿದ ವಾರದಲ್ಲೇ ಆಶಾ ಕಾರ್ಯಕರ್ತೆಗೆ ಹೇಳಿ ತಾಯಿ ಕಾರ್ಡ್ ಮಾಡಿಸಬೇಕು. ಹಿಂದಿನ ಸೀಜರ್, ಬಿಪಿ, ಅವಳಿ, ತೀರಾ ರಕ್ತಹೀನತೆ ಇದ್ದವರು ಎಲ್ಲಿ ಹೆರುವುದೆಂದು ಹೊರಡುವ ಮೊದಲೇ ಡಾಕ್ಟರ ಬಳಿ ಮಾತಾಡಿ ತೀರ್ಮಾನಿಸುವುದು ಲೇಸು. ಅಂಥವರಿಗೆ ಕೆಲವೊಮ್ಮೆ ತವರಿನವರೇ ರಬಾಳೆಗೆ ಬಂದು ಬಾಣಂತನ ಮಾಡುವುದು ಒಳ್ಳೆಯದು.

ಕಲ್ಯಾಣ, ಪುಣೆ, ಸೊಲ್ಲಾಪುರದ ಮೇಲೆ ಕಲಬುರಗಿಗೆ ಹೋಗುವ ರೈಲುಗಳಲ್ಲಿ ಹಿರಿಯರಿಗೂ ಬಸುರಿಯರಿಗೂ ಕೆಳ ಬರ್ತಿನ ಕೋಟಾ ಇದೆ. ಬಸುರಿಯರು ಡಾಕ್ಟರ ಚೀಟಿಯೊಂದಿಗೆ ಕೌಂಟರಿನಲ್ಲಿ ಕೇಳಬೇಕು. ದಾರಿಯಲ್ಲೇ ನೀರು ಒಡೆದರೆ, ರಕ್ತ ಕಂಡರೆ, ಕೂಸಿನ ಮಿಸುಕಾಟ ಕಡಿಮೆಯಾದರೆ, ಕಣ್ಣು ಮಂಜಾಗಿ ತಲೆ ಸಿಡಿಯತೊಡಗಿದರೆ ಊರು ಬರಲಿ ಎಂದು ಕಾಯದೆ 139ಕ್ಕೆ ಫೋನ್ ಮಾಡಿದರೆ ರೈಲ್ವೆಯವರು ಮುಂದಿನ ದೊಡ್ಡ ನಿಲ್ದಾಣಕ್ಕೆ ಡಾಕ್ಟರನ್ನು ಕರೆಸುತ್ತಾರೆ. ನಿಲ್ದಾಣದ ಹೊರಗೆ ಆಂಬುಲೆನ್ಸಿಗೆ 108. ಅದು ಎರಡೂ ರಾಜ್ಯಗಳಲ್ಲಿ ಒಂದೇ ನಂಬರು.